ಹೇನು ಹೆಕ್ಕುವ ಮೀನುಗಳು

ನಮ್ಮ ಭಾವನವರಿಗೆ ಯಾರ ಹಸಿವನ್ನೂ ನೋಡಲಾಗುವುದಿಲ್ಲ. ಅದರಿಂದಲೇ ಬಂತು ತೊಂದರೆ.

ಭಾವ ಅಂದರೆ ನನ್ನ ಗಂಡನ ಅಣ್ಣ. ಕಡಲ ದಂಡೆಯ ಈ ಮೀನುಮನೆಯಲ್ಲಿ ತೊಟ್ಟಿಗಳ ಉಸ್ತುವಾರಿ ನನ್ನದು, ಮೀನುಗಳ ಊಟ ಅವರದು. ದೊಡ್ಡ ಗಾಜಿನ ತೊಟ್ಟಿಯ ಮುದಿ ಶಾರ್ಕಿಗೆ ದೊಡ್ಡಮ್ಮ ಎಂದು ಹೆಸರಿಟ್ಟವರೂ ಅವರೇ. ಮೊಳದುದ್ದದ ಮರಿಯಾಗಿ ಬಲೆಗೆ ಸಿಕ್ಕಿ ಬಂದವಳನ್ನು ಕೈಯಾರೆ ಉಣಿಸಿ ಬೆಳೆಸಿದ್ದರು. ಹೆಂಡತಿ ತೀರಿಕೊಂಡ ಮೇಲಂತೂ ಮನೆಯಲ್ಲಿ ನಮ್ಮ ಜೊತೆ ಆಡದ ಮಾತೆಲ್ಲ ಅವಳ ಜೊತೆ.

ಈ ಸಲ ಕಡಲಿನಿಂದ ತಂದ ಹೊಸ ಮೀನುಗಳ ಮೈಮೇಲೆ ಸವಾರಿ ಮಾಡಿಕೊಂಡು ಹೇನು ಬಂದವು. ಅಕ್ಕಿಕಾಳಿನಷ್ಟಿದ್ದರೂ ಅಂಟಿಕೊಂಡರೆ ಬಿಡುವ ಜಾತಿಯಲ್ಲ. ತಂದ ಮೀನುಗಳು ಆರಾಮಾಗಿದ್ದವು, ಹಾಳಾದ ಹೇನುಗಳು ದೊಡ್ಡಮ್ಮನಿಗೆ ಗಂಟುಬಿದ್ದವು. ಮೊದಲು ರೆಕ್ಕೆ, ಆಮೇಲೆ ಕಿವಿರು. ಉಸಿರಾಡುವ ಜಾಗವೇ ಹುಣ್ಣಾಯಿತು.

ಮೀನಿನ ಡಾಕ್ಟರು ಬಂದು ನೋಡಿದರು. “ಮದ್ದು ಹಾಕಿದ್ರೆ ಈ ವಯಸ್ಸಿಗೆ ತಡಿಯಲ್ಲ. ಹಿಡಿದು ಎತ್ತೋಕೆ ಹೋದ್ರೆ ಅಲ್ಲೇ ಉಸಿರು ನಿಂತೋಗತ್ತೆ. ಹೇನು ತಿನ್ನೋ ಮೀನು ಬಿಡಿ, ನೋಡೋಣ” ಎಂದರು.

ಬೆರಳುದ್ದದ ನೀಲಿ ಮೀನುಗಳನ್ನು ತರಿಸಿ ಬಿಟ್ಟೆವು. ಅಬ್ಬಾ, ಏನು ಚುರುಕು! ದೊಡ್ಡಮ್ಮ ಬಂಡೆಯ ಪಕ್ಕ ನಿಂತು ಬಾಯಿ ತೆರೆದರೆ ಸಾಕು, ಒಳಗೇ ನುಗ್ಗಿ ಹೆಕ್ಕುತ್ತಿದ್ದವು. ಭಾವ ಮಗುವಿನ ಹಾಗೆ ನಗುತ್ತಿದ್ದರು. ನನಗೂ ಜೀವ ಬಂದ ಹಾಗಾಗಿತ್ತು.

ಆಮೇಲೆ ಅವು ಕೆಲಸ ನಿಲ್ಲಿಸಿಬಿಟ್ಟವು. ನೀರು ಪರೀಕ್ಷಿಸಿದೆ, ದೀಪ ಬದಲಿಸಿದೆ, ತಲೆ ಕೆಟ್ಟುಹೋಯಿತು. ಒಂದು ಬೆಳಿಗ್ಗೆ ತೊಟ್ಟಿಯ ಹಿಂದಿನ ಏಣಿ ಹತ್ತಿ ನೋಡಿದರೆ, ನಮ್ಮ ಮಹಾರಾಯರು ಸಿಗಡಿ ಸಣ್ಣಗೆ ಹೆಚ್ಚಿಕೊಂಡು ನೀಲಿ ಮೀನುಗಳಿಗೆ ತಿನ್ನಿಸುತ್ತಿದ್ದಾರೆ!

“ಭಾವ! ಏನ್ ಮಾಡ್ತಿದೀರಿ?”

“ಅಷ್ಟು ದುಡಿತಾವಲ್ಲಮ್ಮಾ, ಪಾಪ. ಬರೀ ಹೇನು ತಿಂದು ಹೊಟ್ಟೆ ತುಂಬತ್ತಾ? ನಮ್ಮ ಹುಡುಗಿಗೋಸ್ಕರ ಬಂದಿದಾವೆ…”

“ಹೊಟ್ಟೆ ತುಂಬಿದ್ರೆ ಹೇನು ಯಾಕೆ ತಿಂತಾವೆ?”

ಇನ್ನೂ ಏನೇನೋ ಬಾಯಿಗೆ ಬಂದ ಹಾಗೆ ಬೈದೆ. ಅವರು ಬೋಗುಣಿ ಎತ್ತಿಕೊಂಡು ಏಣಿ ಇಳಿದರು.

ಅಂದಿನಿಂದ ತಿನ್ನಿಸುವುದು ನಿಂತಿತು. ಆದರೆ ರುಚಿ ಕಂಡ ಮೀನುಗಳು ಭಾವನ ನೆರಳು ಕಂಡರೂ ಗಾಜಿಗೆ ಬಂದು ಮುತ್ತುತ್ತಿದ್ದವು. ಅತ್ತ ದೊಡ್ಡಮ್ಮ ಬಂಡೆಯ ಪಕ್ಕ ಬಾಯಿ ತೆರೆದು ಕಾಯುತ್ತಿದ್ದಳು. ಬೇರೆ ಮೀನು ತರಿಸೋಣವೆಂದರೆ, ಗಾಳಿ ಜೋರಾಗಿದೆ, ದೋಣಿ ಇಳಿಸಲ್ಲ ಎಂದರು ಮೀನುಗಾರರು.

“ನೀವು ಈ ಕಡೆ ಬರಲೇಬೇಡಿ ಭಾವ. ನಿಮ್ಮನ್ನ ಮರೆತರೆ ಅವು ಮತ್ತೆ ಅವಳ ಹತ್ರ ಹೋಗ್ತಾವೇನೋ” ಎಂದೆ.

ದೊಡ್ಡಮ್ಮನ ಊಟವನ್ನೂ ನಾನೇ ಹಾಕತೊಡಗಿದೆ. ಅವಳು ಮೂಸಿ, ತಿನ್ನದೆ ಆಚೆ ತಿರುಗುತ್ತಿದ್ದಳು. ಭಾವ ದಿನಾ ಬೆಳಿಗ್ಗೆ ಬಾಗಿಲಾಚೆ ನಿಂತು, “ಬರ್ಲೇನಮ್ಮಾ?” ಎಂದು ಕೇಳುತ್ತಿದ್ದರು.

“ಬೇಡ ಭಾವ.”

ಹೋಗುತ್ತಿದ್ದರು. ಮಾರನೆಯ ದಿನ ಮತ್ತೆ ಅದೇ ಪ್ರಶ್ನೆ.

ಒಂದೆರಡು ನೀಲಿ ಮೀನು ಬಂಡೆಯ ಕಡೆ ಹೋದವು ನಿಜ. ಅಷ್ಟರಲ್ಲಿ ದೊಡ್ಡಮ್ಮ ತಳ ಹಿಡಿದಿದ್ದಳು. ಡಾಕ್ಟರು ಗಾಜಿಗೆ ಹಣೆ ಹಚ್ಚಿ ಬಹಳ ಹೊತ್ತು ನೋಡಿದರು. “ಇನ್ನು ನಮ್ಮ ಕೈಲಿಲ್ಲ” ಎಂದು ಚೀಲ ಹೆಗಲಿಗೆ ಹಾಕಿಕೊಂಡು ಹೊರಟರು.

ಬಾಗಿಲಾಚೆ ಹೆಜ್ಜೆ ಸಪ್ಪಳವಾಯಿತು.

“ಬರ್ಲೇನಮ್ಮಾ?”

“ಬನ್ನಿ ಭಾವ” ಎಂದೆ.

ಅವರು ಬರಲಿಲ್ಲ. ಹೋಗಿ ನೋಡಿದರೆ ಮೆಟ್ಟಿಲ ಮೇಲೆ ಕುಸಿದು ಕೂತಿದ್ದರು.

“ಬೇಡ ಅನ್ನಮ್ಮಾ,” ಎಂದರು. “ಇವತ್ತೊಂದಿನ ಬೇಡ ಅಂತ ಹೇಳಮ್ಮಾ.”