ಎರಡು ಗಜ ಇರುವಾಗ ಗೆರೆ ದಾಟಿದವನು

ಸೋಮವಾರ ಬೆಳಿಗ್ಗೆ ಟೊಲೀಡೊದ ಜನ ಕೆಲಸಕ್ಕೆ ಹೋಗುತ್ತಿದ್ದದ್ದು ವಿಟ್ ಗ್ರಾಬೊಸ್ಕಿಯ ಬೈಗುಳ ಕೇಳಿಕೊಂಡೇ. ಗಾಜಿನ ಕಾರ್ಖಾನೆಯ ಗೇಟಿನಲ್ಲಿ, ಶಾಲೆಯ ಮುಂದಿನ ಕಾರುಗಳ ಸಾಲಿನಲ್ಲಿ, ಹಲ್ಲಿನ ಡಾಕ್ಟರ ಕೋಣೆಯಲ್ಲಿ ಕೂಡ ರೇಡಿಯೊದಿಂದ ಅವನದೇ ಗಂಟಲು. ಭಾನುವಾರ ನಡೆದ, ಚೆಂಡು ಕೈಲಿ ಹಿಡಿದು ಓಡುವ ನಮ್ಮ ಅಮೆರಿಕದ ಫುಟ್‌ಬಾಲ್ ಪಂದ್ಯಗಳನ್ನು ಅವನು ಒಂದೊಂದಾಗಿ ಹಿಡಿದು ಚರ್ಮ ಸುಲಿಯುತ್ತಿದ್ದ. ಒಂದು ಕಾಲದಲ್ಲಿ ಅವನೂ ನಮ್ಮೂರಿನ ಹ್ಯಾಮರ್ಸ್ ತಂಡಕ್ಕೆ ಆಡಿದವನು. ಚೆಂಡು ಹಿಡಿದು ಓಡಿ ಬರುವವನನ್ನು ಕೆಡವುವುದು ಅವನ ಕೆಲಸ. ಆ ಕೆಲಸದಲ್ಲಿ ಮೂಗು ಒಂದು ಕಡೆಗೆ ವಾಲಿತ್ತು, ಎಡಗೈಯ ಕಿರುಬೆರಳು ಮಡಚುವುದನ್ನೇ ಮರೆತಿತ್ತು, ಮೊಣಕಾಲು ಎರಡೂ ಲೋಹದ್ದಾಗಿದ್ದವು. ವಯಸ್ಸು ಅರವತ್ತರ ಹತ್ತಿರ. ನಾನು ಲೋಯಿಸ್, ಸ್ಟುಡಿಯೊದ ಗಾಜಿನ ಈಚೆ ಕೂತು ಕೇಳುಗರ ಫೋನನ್ನು ಅವನಿಗೆ ದಾಟಿಸುತ್ತಿದ್ದವಳು.

ಆ ಸೋಮವಾರ ಅವನು ಒಳಗೆ ಬಂದಾಗಲೇ ಕಿವಿ ಕೆಂಪಗಿದ್ದವು. ಕಾಫಿ ಮುಟ್ಟಲಿಲ್ಲ.

"ಒಮಾಹಾದವರ ಆಟ ನೋಡಿದ್ರಾ? ನಾನು ನೋಡ್ದೆ, ಕಣ್ಣು ತೊಳ್ಕೊಂಡೆ," ಎಂದು ಶುರು ಮಾಡಿದ. "ಆ ಚೆಂಡು ಎಸೆಯೋ ಹುಡುಗನ ಮುಂದೆ ನಿಂತಿದ್ದ ಐದು ಜನ ಧಡಿಯರು ಯಾರನ್ನ ಕಾಯ್ತಿದ್ರು? ಬಸ್ಸನ್ನಾ? ಲೂಯಿವಿಲ್‌ನವರು ಒಳಗೆ ನುಗ್ಗಿ ಅವನ ಭುಜಾನ ಕೋಳಿ ರೆಕ್ಕೆ ಕಿತ್ತಂಗೆ ಕಿತ್ರು. ಮೂಳೆ ಮುರಿದ ಸದ್ದು ಟೀವೀಲಿ ಕೇಳಿಸ್ತು. ಇನ್ನು ತಲ್ಸಾ. ತಲ್ಸಾದ ಕೋಚ್ ಕಡೇ ನಿಮಿಷದಲ್ಲಿ ಚೆಂಡು ಹಿಡಿದು ನುಗ್ಗಿಸೋದು ಬಿಟ್ಟು ಒದೆಸಿದ! ಮೂರು ಗಜ ನುಗ್ಗೋಕೆ ಧೈರ್ಯ ಇಲ್ದೋನು ಅಂಗಡಿ ಇಟ್ಕೊಂಡು ಮೊಸರು ಮಾರಲಿ. ಡುಲೂತ್‌ನವರು ಮಾತ್ರ ಗಂಡಸರ ಥರ ಆಡಿದ್ರು. ಸೋತ್ರು, ಆದ್ರೆ ಎದುರು ತಂಡದ ಮೂವರನ್ನ ಸ್ಟ್ರೆಚರ್ ಮೇಲೆ ಕಳಿಸಿ ಸೋತ್ರು. ಅಂಥ ಸೋಲಿಗೆ ನಾನು ಟೋಪಿ ತೆಗೀತೀನಿ."

ಆಮೇಲೆ ಕುರ್ಚಿಯನ್ನು ಮೈಕಿನ ಹತ್ತಿರ ಎಳೆದುಕೊಂಡ. ಇನ್ನು ನಮ್ಮವರ ಸರದಿ ಎಂದು ಊರಿಗೆಲ್ಲ ಗೊತ್ತಿತ್ತು.

ಹ್ಯಾಮರ್ಸ್ ಮೆಂಫಿಸ್‌ಗೆ ಸೋತಿದ್ದರು. ಕೊನೆಯ ಕ್ಷಣದಲ್ಲಿ ರೆನಾರ್ಡ್ ಬೂನ್ ಎಂಬ ನಮ್ಮ ಓಟಗಾರ ಚೆಂಡು ಹಿಡಿದು ಅಂಚಿನ ಗುಂಟ ಓಡಿ ಬಂದಿದ್ದ. ಗೆಲುವಿಗೆ ಉಳಿದಿದ್ದದ್ದು ಎರಡೇ ಗಜ. ಎದುರಿಗೆ ಮೆಂಫಿಸ್‌ನ ಒಬ್ಬನೇ ಒಬ್ಬ. ಅವನನ್ನು ಗುದ್ದಿಕೊಂಡು ಹೋಗಬೇಕಾದವನು ಪಕ್ಕದ ಗೆರೆ ದಾಟಿ ಮೈದಾನದ ಹೊರಗೆ ಕಾಲಿಟ್ಟುಬಿಟ್ಟ.

"ಹೊರಗೆ ಹೋದ!" ವಿಟ್ ಮೇಜು ಗುದ್ದಿದ. "ಮಳೇಲಿ ನೆನೀತೀನಿ ಅಂತ ಜಗಲಿ ಹತ್ತೋ ಬೆಕ್ಕಿನ ಥರ! ರೆನಾರ್ಡ್, ಕೇಳಿಸ್ಕೋತಿದೀಯಾ ಮಗಾ? ಈ ಊರಲ್ಲಿ ಕುಲುಮೆ ಮುಂದೆ ನಿಂತು ರೆಪ್ಪೆ ಸುಟ್ಕೊಂಡೋರು ನಿನ್ನ ನೋಡೋಕೆ ಬರ್ತಾರೆ. ನೀನು ಹತ್ತಿ ಗೊಂಬೆ. ಪೆಟ್ಟಿಗೆ ಹೆದರೋನು ಈ ಅಂಗಿ ಬಿಚ್ಚಿಟ್ಟು ಹೋಗ್ಬೇಕು."

ನನ್ನ ಮುಂದಿನ ಫೋನಿನ ದೀಪಗಳೆಲ್ಲ ಒಟ್ಟಿಗೆ ಉರಿದವು. ಕರೆ ಮಾಡಿದವರೆಲ್ಲ ಅವನಿಗಿಂತ ಒಂದು ಕೈ ಮೇಲೆ. ಒಬ್ಬ ಅಜ್ಜಿ, ಸಂತ ಹೆಡ್ವಿಗ್ ಇಗರ್ಜಿಯಲ್ಲಿ ಹಾಡುವಾಕೆ, ಬೂನ್‌ನ ಕಾಲು ಮುರಿಯಬೇಕು ಎಂದಳು.

ಮಂಗಳವಾರ ಯಾರೋ ಬೂನ್ ಮನೆಯ ಅಂಚೆ ಪೆಟ್ಟಿಗೆಗೆ ಹೆಂಗಸರ ಒಳಲಂಗ ಕಟ್ಟಿ ಹೋದರು. ಲಗ್ರೇಂಜ್ ಬೀದಿಯ ಬಾರಿನಲ್ಲಿ ಇಪ್ಪತ್ತು ವರ್ಷ ಒಂದೇ ಮೇಜಿನಲ್ಲಿ ಕುಡಿದ ಇಬ್ಬರು ಬೂನ್ ಹೇಡಿಯೋ ಅಲ್ಲವೋ ಎಂದು ಜಗಳಕ್ಕೆ ಬಿದ್ದರು. ಒಬ್ಬ ಬಿಲಿಯರ್ಡ್ಸ್ ಕೋಲಿನಿಂದ ಇನ್ನೊಬ್ಬನ ದವಡೆ ಒಡೆದ. ಬುಧವಾರ ಬೂನ್‌ನ ಹೆಂಡತಿ ಕಾರ್ಲೀನ್ ಪೆಟ್ರೋಲ್ ಹಾಕಿಸುತ್ತಿದ್ದಾಗ ಬಿಯರ್ ಬಾಟಲಿಯೊಂದು ಹಾರಿ ಬಂದು ಕಾರಿನ ಗಾಜು ಪುಡಿಯಾಯಿತು. ಅವಳ ಹಣೆಗೆ ಹೊಲಿಗೆ ಬಿತ್ತು.

ಅದೇ ಮಧ್ಯಾಹ್ನ ಬೂನ್ ನಮ್ಮ ಕಚೇರಿಗೆ ಬಂದ. ಆರಡಿ ಮೀರಿದ ಆಳು. ಅಲಬಾಮಾದ ಕರಾವಳಿಯವನು, ಮೆಲುದನಿ. ವಿಟ್ ಪಡಸಾಲೆಯಲ್ಲಿ ಸಾಸೇಜ್ ರೋಲ್ ತಿನ್ನುತ್ತಿದ್ದ.

"ಗ್ರಾಬೊಸ್ಕಿ ಸಾರ್, ನನ್ನ ಹೆಂಡತಿ ಹಣೆ ಒಡೆದಿದೆ," ಎಂದ ಬೂನ್.

"ಕೇಳ್ದೆ. ಹೊಲಸು ಜನ. ಆದ್ರೆ ಬಾಟಲಿ ನಾನು ಎಸೀಲಿಲ್ಲಪ್ಪ."

"ನೀವು ಎಸೀಲಿಲ್ಲ. ಎಲ್ಲಿಗೆ ಎಸೀಬೇಕು ಅಂತ ತೋರಿಸಿಕೊಟ್ರಿ."

ವಿಟ್ ರೋಲ್ ಕೆಳಗಿಟ್ಟ. "ನನಗೆ ಒಂದೇ ಒಂದು ಹೇಳು. ಎದುರಿಗೆ ಒಬ್ಬ ಇದ್ದ. ನಿನಗಿಂತ ಸಣ್ಣಕ್ಕಿದ್ದ. ಯಾಕೋ ಹೊರಗೆ ಹೋದೆ?"

ಬೂನ್ ನನ್ನನ್ನು ನೋಡಿದ, ಮತ್ತೆ ವಿಟ್‌ನನ್ನು ನೋಡಿದ. "ಇಬ್ಬರಿದ್ರು."

"ಒಬ್ಬ ಕಣಯ್ಯ! ತಿರುಗಿಸಿ ತಿರುಗಿಸಿ ನೋಡಿದೀನಿ."

"ನನಗೆ ಇಬ್ಬರು ಕಾಣಿಸಿದ್ರು. ಇಬ್ಬರಿಗೂ ಒಂದೇ ಮುಖ. ಗೆರೆನೂ ಎರಡಿತ್ತು. ಯಾವುದರ ಒಳಗೆ ಓಡ್ಬೇಕೋ ಗೊತ್ತಾಗ್ಲಿಲ್ಲ. ಅದಕ್ಕೂ ಮುಂಚೆ ಒಬ್ಬ ಮೊಣಕಾಲಲ್ಲಿ ತಲೆಗೆ ಒದ್ದಿದ್ದ. ಆಮೇಲಿನ ಆಟ ನನಗೆ ಅಷ್ಟು ನೆನಪಿಲ್ಲ."

ವಿಟ್‌ನ ದವಡೆ ಆಡುವುದು ನಿಂತಿತು. "ಈಗ ಹೇಗಿದೆ?"

"ಈಗ್ಲೂ ನಿಮಗೆ ಎರಡು ಮೂಗು. ಎರಡೂ ಸೊಟ್ಟ."

ವಿಟ್ ಎದ್ದು ಅವನ ಹತ್ತಿರ ಬಂದ.

"ತಂಡದ ಡಾಕ್ಟ್ರಿಗೆ ಹೇಳಿದ್ಯಾ?"

"ಹೇಳಿದ್ರೆ ಭಾನುವಾರ ಲೂಯಿವಿಲ್ ಜೊತೆಗಿನ ಪಂದ್ಯದಲ್ಲಿ ಹೊರಗೆ ಕೂರಿಸ್ತಾರೆ. ಕೂತ್ರೆ ನೀವು ಅಂದದ್ದೇ ನಿಜ ಆಗುತ್ತೆ. ನಾನು ಆಡ್ತೀನಿ. ಲೂಯಿವಿಲ್‌ನವರು ಎಷ್ಟು ಜನ ಬರ್ತಾರೋ ಬರ್ಲಿ, ಎಲ್ಲರನ್ನೂ ಗುದ್ದಿಕೊಂಡೇ ಹೋಗ್ತೀನಿ. ಅದನ್ನ ನೀವು ನೋಡ್ಬೇಕು, ಅಷ್ಟೇ ಹೇಳೋಕೆ ಬಂದೆ."

ಹೊರಟುಹೋದ. ಹೋಗುವಾಗ ಬಾಗಿಲ ಚೌಕಟ್ಟಿಗೆ ಭುಜ ತಾಗಿಸಿಕೊಂಡ. ಅಷ್ಟು ಅಗಲದ ಬಾಗಿಲು. ವಿಟ್ ಅದನ್ನು ನೋಡಿದ, ನಾನೂ ನೋಡಿದೆ.

ಗುರುವಾರ ವಿಟ್ ಹ್ಯಾಮರ್ಸ್ ಕೋಚ್‌ಗೆ ಫೋನ್ ಮಾಡಿದ. ಅತ್ತಲಿನ ದನಿ ನನಗೂ ಕೇಳುವಷ್ಟು ಜೋರಾಗಿತ್ತು. "ಸೋಮವಾರ ಹೇಡಿ ಅಂದೆ, ಈಗ ಆಡಿಸ್ಬೇಡ ಅಂತೀಯಾ? ನಿನ್ನ ರೇಡಿಯೊ ನಡೆಸೋಕೆ ನನ್ನ ತಂಡ ಬೇಕಾ?" ಫೋನ್ ಇಟ್ಟ ಸದ್ದು. ಶುಕ್ರವಾರ ವಿಟ್ ಯಾರನ್ನೂ ಕೇಳದೆ ರೇಡಿಯೊದಲ್ಲೇ ಹೇಳಿಬಿಟ್ಟ: ಬೂನ್‌ನ ತಲೆಗೆ ಪೆಟ್ಟಾಗಿದೆ, ಅವನನ್ನು ಆಡಿಸಿದರೆ ಅದು ಕೊಲೆ, ಸೋಮವಾರ ನಾನು ಆಡಿದ್ದು ಕೊಳಕು ಮಾತು.

ಊರು ನಕ್ಕಿತು. ಕರೆ ಮಾಡಿದ ಮೊದಲನೆಯವನೇ, "ವಿಟ್ ಅಣ್ಣಾ, ಬೂನ್ ಪಾರ್ಟಿ ಕೊಡಿಸಿದ್ನಾ?" ಎಂದ. ತಂಡದವರು ಬೂನ್‌ನನ್ನು ಪರೀಕ್ಷೆಗೆ ಕೂರಿಸಿದರು. ಕೇಳುವ ಪ್ರಶ್ನೆಗಳು ಆಟಗಾರರಿಗೆಲ್ಲ ಬಾಯಿಪಾಠ, ಅವನು ಪಾಸಾದ. ಹೊರಗೆ ಬಂದು ಟೀವಿಯವರ ಮುಂದೆ, "ತಲೆ ಕೆಟ್ಟಿರೋದು ಆ ಅಜ್ಜಂದು. ಅವರನ್ನ ಪರೀಕ್ಷೆ ಮಾಡಿ," ಎಂದ. ಜನ ಅದಕ್ಕೂ ನಕ್ಕರು, ಅವನ ಮೇಲೆ ಸ್ವಲ್ಪ ಪ್ರೀತಿಯೂ ಬಂತು.

ಭಾನುವಾರ ಎಂದಿನಂತೆ ನಾನೇ ವಿಟ್‌ನನ್ನು ಕಾರಿನಲ್ಲಿ ಕ್ರೀಡಾಂಗಣಕ್ಕೆ ಕರೆದುಕೊಂಡು ಹೋದೆ. ಸರೋವರದ ಕಡೆಯಿಂದ ಗಾಳಿ ಚಾಟಿಯ ಹಾಗೆ ಬೀಸುತ್ತಿತ್ತು. ಕಾರು ನಿಲ್ಲಿಸುವ ಬಯಲಲ್ಲಿ ಜನ ಬೆಂಕಿ ಹಾಕಿ ಮಾಂಸ ಸುಡುತ್ತಿದ್ದರು. ಆಟಗಾರರ ಗೇಟಿನ ಹತ್ತಿರ ವಿಟ್, "ಇಲ್ಲೇ ನಿಲ್ಸಮ್ಮ," ಎಂದ.

ಬೂನ್ ಕಾರಿನಿಂದ ಇಳಿದು ಚೀಲ ಹೆಗಲಿಗೆ ಹಾಕಿಕೊಂಡು ಕಾಂಕ್ರೀಟಿನ ಇಳಿಜಾರಿನಲ್ಲಿ ಬರುತ್ತಿದ್ದ. ಮೋಡದ ದಿನದಲ್ಲಿ ಕಪ್ಪು ಕನ್ನಡಕ. ವಿಟ್ ಎದುರಿಗೆ ಹೋಗಿ ನಿಂತ.

"ಮನೆಗೆ ಹೋಗು ಮಗಾ. ಕೈ ಮುಗೀತೀನಿ."

"ದಾರಿ ಬಿಡಿ ಸಾರ್."

"ಲೂಯಿವಿಲ್‌ನವರು ನನ್ನ ಕಾರ್ಯಕ್ರಮ ಕೇಳಿದಾರೆ. ಇವತ್ತು ಎಲ್ಲರೂ ನಿನ್ನ ತಲೆಗೇ ಹೊಡೀತಾರೆ. ನಾನಾಗಿದ್ರೂ ಅದನ್ನೇ ಮಾಡ್ತಿದ್ದೆ."

"ದಾರಿ ಬಿಡೋ ಮುದುಕಾ!" ಬೂನ್ ಅವನ ಎದೆಗೆ ಕೈ ಕೊಟ್ಟು ತಳ್ಳಿದ. ವಿಟ್ ಗೋಡೆಗೆ ಬಡಿದುಕೊಂಡ. ಬೂನ್ ಮುಂದೆ ನಡೆದ.

ಆಮೇಲೆ ಆದದ್ದನ್ನು ನಾನು ಕಣ್ಣಾರೆ ಕಂಡೆ. ಹತ್ತು ಹೆಜ್ಜೆ ನಡೆದರೆ ಏದುಸಿರು ಬಿಡುವ ಮನುಷ್ಯ ಗೋಡೆ ಬಿಟ್ಟು ಎದ್ದ. ಸೊಂಟ ತಗ್ಗಿಸಿದ, ತಲೆಯನ್ನು ಪಕ್ಕಕ್ಕೆ ವಾಲಿಸಿದ, ಆ ಲೋಹದ ಮೊಣಕಾಲುಗಳ ಮೇಲೆ ಓಡಿದ. ಓಡಿ ಬೂನ್‌ನ ಸೊಂಟಕ್ಕೆ ಭುಜ ಕೊಟ್ಟು ಎರಡೂ ತೊಡೆ ತಬ್ಬಿ ಎತ್ತಿದ. ಕಸಾಯಿಖಾನೆಯಲ್ಲಿ ಕೊಕ್ಕೆಯಿಂದ ಹಸು ಕಳಚಿ ಬಿದ್ದಂಥ ಸದ್ದು. ಇಬ್ಬರೂ ಉರುಳಿದರು. ಬೂನ್‌ನ ಪಾದ ಒಂದು ದಿಕ್ಕಿಗೆ, ಕಾಲು ಇನ್ನೊಂದು ದಿಕ್ಕಿಗೆ ತಿರುಗಿತು. ಅವನ ಕೂಗಿಗೆ ಬಯಲಲ್ಲಿ ಮಾಂಸ ಸುಡುತ್ತಿದ್ದವರೆಲ್ಲ ತಿರುಗಿದರು.

"ಬಿಡೋ! ಕಾಲು ಬಿಡೋ!"

ವಿಟ್ ಬಿಡಲಿಲ್ಲ. ಬೂನ್ ಮುಷ್ಟಿ ಕಟ್ಟಿ ಅವನ ಮುಖಕ್ಕೆ ಬಡಿದ, ಮತ್ತೆ ಬಡಿದ. ಹುಬ್ಬು ಹರಿದು ರಕ್ತ ಕಣ್ಣಿಗಿಳಿಯಿತು. ಹಲ್ಲೊಂದು ಕಾಂಕ್ರೀಟಿನ ಮೇಲೆ ಉರುಳಿತು. ಕಾವಲಿನವರು ಓಡಿ ಬಂದು ಲಾಠಿಯಿಂದ ವಿಟ್‌ನ ಪಕ್ಕೆಗೆ ಬಾರಿಸಿದರು. ಪಕ್ಕೆಲುಬು ಮುರಿದದ್ದು ನನಗೆ ಕೇಳಿಸಿತು. "ಅವನನ್ನ ಸಾಯಿಸ್ತೀರಾ?" ಎಂದು ನಾನು ಒಬ್ಬನ ಲಾಠಿಗೆ ಜೋತುಬಿದ್ದೆ. ಅವನು ನನ್ನನ್ನು ಕೊಡವಿ ಎಸೆದ. ವಿಟ್ ಆ ಕಾಲನ್ನು ಎದೆಗೊತ್ತಿಕೊಂಡು ಕಣ್ಣು ಮುಚ್ಚಿಕೊಂಡು ಬಿದ್ದಿದ್ದ. ನನಗೆ ಹೇಳಲು ಹೆದರಿಕೆಯಾಗುವ ಒಂದು ಮಾತಿದೆ: ಆ ಒಡೆದ ಮುಖದಲ್ಲಿ ಸುಖವಿತ್ತು. ಊಟಕ್ಕೆ ಕೂತವನ ಸುಖ.

ಆಸ್ಪತ್ರೆಯಲ್ಲಿ ಬೂನ್‌ನ ಕಾಲಿನ ಮೂಳೆಗೆ ಲೋಹದ ಪಟ್ಟಿ ಕೂರಿಸಿದರು. ಬಿದ್ದವನಾದ್ದರಿಂದ ತಲೆಯ ಸ್ಕ್ಯಾನ್ ಕೂಡ ಮಾಡಿದರು. ಒಳಗೆ ರಕ್ತ ಒಸರಿತ್ತು. ಇನ್ನೊಂದು ಪೆಟ್ಟು ಬಿದ್ದಿದ್ದರೆ ಹುಡುಗ ಮೈದಾನದಿಂದ ಎದ್ದು ಬರುತ್ತಿರಲಿಲ್ಲ ಎಂದರು ಡಾಕ್ಟರು. ಆದರೆ ಆ ರಕ್ತ ಹಿಂದಿನ ಭಾನುವಾರದ್ದೋ ಈ ಭಾನುವಾರದ್ದೋ ಎಂದು ಕೇಳಿದರೆ, "ಖಚಿತವಾಗಿ ಹೇಳೋಕಾಗಲ್ಲ," ಎಂದರು. ಈ ಭಾನುವಾರದ್ದಾದರೆ ಅದು ವಿಟ್ ಕೆಡವಿದ್ದರಿಂದಲೇ ಆದದ್ದು. ಅಲ್ಲಿಗೆ ಅವನ ಮೇಲೆ ಬಿದ್ದ ಕೇಸು ಬರೀ ಹೊಡೆದಾಟದ್ದಾಗಿ ಉಳಿಯಲಿಲ್ಲ. ಅದೇ ಆಸ್ಪತ್ರೆಯಲ್ಲಿ ಮಲಗಿದ್ದ ಅವನ ಕೈಯನ್ನು ಹಾಸಿಗೆಯ ಕಂಬಿಗೆ ಸೇರಿಸಿ ಬೇಡಿ ಹಾಕಿದರು.

ಹ್ಯಾಮರ್ಸ್ ಅಂದು ಹೀನಾಯವಾಗಿ ಸೋತರು. ಸಂಜೆ ನಮ್ಮ ಕಚೇರಿಯ ಕಿಟಕಿಗಳಿಗೆ ಕಲ್ಲು ಬಿತ್ತು. ಹಿಂದಿನ ವಾರ ಬೂನ್‌ನ ಕಾಲು ಮುರಿಯಬೇಕು ಎಂದಿದ್ದ ಅದೇ ಅಜ್ಜಿ ಫೋನ್ ಮಾಡಿ ವಿಟ್‌ಗೆ ಜೈಲಿನಲ್ಲೇ ಸಾವು ಬರಲಿ ಎಂದಳು. ಸೋಮವಾರ ಅವನ ಕುರ್ಚಿಯಲ್ಲಿ ಬಿಳಿ ಹಲ್ಲಿನ ಹೊಸಬನೊಬ್ಬ ಕೂತು ಎಲ್ಲ ತಂಡಗಳೂ ಚೆನ್ನಾಗಿ ಪ್ರಯತ್ನಿಸಿದವು ಎಂದ.

ವಿಚಾರಣೆ ನಡೆದದ್ದು ಚಳಿಗಾಲ ಕಳೆಯುವ ಹೊತ್ತಿಗೆ. ಬೂನ್ ಊರುಗೋಲಿನ ಮೇಲೆ ಬಂದ. ಇನ್ನು ಮುಂದೆ ಆಡಕೂಡದು ಎಂದು ಡಾಕ್ಟರು ಹೇಳಿಯಾಗಿತ್ತು. ಸರ್ಕಾರಿ ವಕೀಲೆ ಕೇಳಿದಳು: "ಕೆಳಗೆ ಬಿದ್ದಾಗ ನಿಮ್ಮ ತಲೆ ಕಾಂಕ್ರೀಟಿಗೆ ಬಡಿಯಿತು, ಅಲ್ಲವೇ?"

"ಇಲ್ಲ ಮೇಡಂ."

"ಸರಿಯಾಗಿ ನೆನಪು ಮಾಡಿಕೊಳ್ಳಿ."

"ನನ್ನ ಕೆಳಗೆ ಅವನಿದ್ದ. ಬೀಳುವಾಗ ಮೈ ತಿರುಗಿಸಿ ಅವನೇ ಕೆಳಗೆ ಹೋದ. ನೆಲಕ್ಕೆ ಬಡಿದದ್ದು ಅವನ ತಲೆ."

"ಅಂದರೆ ನೀವು ಅವರನ್ನು ಕ್ಷಮಿಸಿದ್ದೀರಾ?"

"ಇಲ್ಲ," ಎಂದ ಬೂನ್. "ನೀವು ಕೇಳಿದ್ದಕ್ಕೆ ಹೇಳಿದೆ."

ಅದು ನಿಜವೋ ಅಲ್ಲವೋ ನನಗೆ ಗೊತ್ತಿಲ್ಲ. ನಾನು ನೋಡುತ್ತಲೇ ಇದ್ದೆ, ಆದರೂ ಆ ಒಂದು ಕ್ಷಣ ನನ್ನ ಕಣ್ಣಿಗೆ ದಕ್ಕಿಲ್ಲ. ನ್ಯಾಯಾಧೀಶರು ವಿಟ್‌ನನ್ನು ಜೈಲಿಗೆ ಕಳಿಸಲಿಲ್ಲ. ಎರಡು ವರ್ಷ ಪೊಲೀಸರ ನಿಗಾ, ಬದುಕಿರುವವರೆಗೆ ಕ್ರೀಡಾಂಗಣಕ್ಕೆ ಕಾಲಿಡುವಂತಿಲ್ಲ.

ಹೊರಗೆ ತೆಳುವಾಗಿ ಹಿಮ ಬೀಳುತ್ತಿತ್ತು. ಬೂನ್‌ನ ಕಾರು ಮೆಟ್ಟಿಲ ಕೆಳಗೇ ನಿಂತಿತ್ತು, ಹಿಂದೆ ಸಾಮಾನು ತುಂಬಿತ್ತು. ಅವರು ಅಂದೇ ಅಲಬಾಮಾಕ್ಕೆ ಹೊರಟಿದ್ದರು. ಅಲ್ಲಿ ಅವನ ಮಾವನ ಸೀಗಡಿ ಹಿಡಿಯುವ ದೋಣಿಗಳಿವೆಯಂತೆ. ಕಾರ್ಲೀನ್ ಕಾರಿನೊಳಗೆ ಕೂತು ನಮ್ಮ ಕಡೆ ನೋಡಲೂ ಇಲ್ಲ. ಹಣೆಯ ಗಾಯದ ಗುರುತು ಅಲ್ಲಿಂದಲೇ ಕಾಣುತ್ತಿತ್ತು.

ವಿಟ್ ಮೆಟ್ಟಿಲಿಳಿದು ನಿಂತ. ಬೂನ್ ಅವನನ್ನು ದಾಟಿ ಎರಡು ಹೆಜ್ಜೆ ಹೋದವನು ತಿರುಗಿದ.

"ನಿನ್ನ ಮೋರೆ ಕಂಡ್ರೆ ನನಗೆ ಈಗ್ಲೂ ಕೈ ಕೆರೆಯುತ್ತೆ," ಎಂದ.

"ಕೆರೆಯಲಿ."

"ನನ್ನ ಆಟ ಮುಗೀತು. ಗೊತ್ತಾ ನಿನಗೆ?"

"ಗೊತ್ತು."

ಬೂನ್ ಊರುಗೋಲಿನಿಂದ ಹಿಮ ಕೆದಕುತ್ತ ನಿಂತ. ಆಮೇಲೆ ತಲೆ ಎತ್ತದೆಯೇ ಕೇಳಿದ: "ಈ ಸೀಸನ್‌ನ ಕಡೇ ಪಂದ್ಯ ನೋಡಿದ್ಯಾ? ತಲ್ಸಾ ಮತ್ತು ಡುಲೂತ್‌ದು?"

"ನೋಡ್ದೆ. ತಲ್ಸಾದ ಕೋಚ್‌ನ ಕಂಬಕ್ಕೆ ಕಟ್ಟಿ ಹೊಡೀಬೇಕು."

"ಯಾಕೆ? ಅಲ್ಲಿ ಚೆಂಡು ಎಸೆಸಿದ್ದು ಸರಿ. ಎಡಗಡೆ ಬಯಲು ಬಿದ್ದಿತ್ತು."

"ಎಲ್ಲಿ ಬಯಲು? ಎರಡು ಗೂಳಿಗಳು ನಿಂತಿದ್ವು ಅಲ್ಲಿ! ಓಡ್ಬೇಕಿತ್ತು!"

"ಓಡಿದೋನು ಸಾಯ್ತಿದ್ದ. ನೀನು ಟೀವೀಲಿ ನೋಡ್ತೀಯ, ನಿನಗೇನು ಗೊತ್ತು?"

"ನನಗೇನು ಗೊತ್ತಾ? ನೀನು ಹುಟ್ಟೋಕೆ ಮುಂಚೆ ನಾನು..."

ಇಬ್ಬರ ದನಿಯೂ ಏರಿತು. ಬೂನ್ ಊರುಗೋಲಿನ ತುದಿಯಿಂದ ಹಿಮದಲ್ಲಿ ಗುಂಡುಗಳನ್ನೂ ಗೆರೆಗಳನ್ನೂ ಬರೆದು ತೋರಿಸಿದ. ವಿಟ್ ಬೂಟುಗಾಲಿನಿಂದ ಅವನ್ನು ಅಳಿಸಿ ಬೇರೆ ಗೆರೆ ಎಳೆದ. ನ್ಯಾಯಾಲಯದ ಬಾಗಿಲಲ್ಲಿದ್ದ ಪೊಲೀಸ್ ಪೇದೆ ಮತ್ತೆ ಹೊಡೆದಾಟವೇನೋ ಎಂದು ಸೊಂಟದ ಬೇಡಿಗೆ ಕೈ ಹಾಕಿಕೊಂಡು ಇಳಿದು ಬಂದವನು, ಗೆರೆಗಳನ್ನು ನೋಡಿ, "ಇಬ್ಬರದೂ ತಪ್ಪು, ಅಲ್ಲಿ ಒದೆಯಬೇಕಿತ್ತು," ಎಂದು ಬಾಯಿ ಹಾಕಿದ. ಇಬ್ಬರೂ ಒಟ್ಟಿಗೆ ಅವನ ಮೇಲೆ ಹರಿಹಾಯ್ದರು.

ಕಾರ್ಲೀನ್ ಹಾರ್ನ್ ಒತ್ತಿದಳು. ಸುಮ್ಮನಿದ್ದು ನೋಡಿ, ಇನ್ನೊಮ್ಮೆ, ಈ ಸಲ ಕೈ ತೆಗೆಯದೆ ಒತ್ತಿದಳು.