ಏಳನೆಯ ಹಂತ

"ಬೆಳಿಗ್ಗೆ ತಾನೇ ಅಕ್ಕನ್ನ ಮಣ್ಣು ಮಾಡಿ ಬಂದಿದೀವಿ. ಇವತ್ತೇ ಇದೆಲ್ಲಾ ಬೇಕೇನೇ?" ಎಂದು ಗೊಣಗುತ್ತಲೇ ಸೋದರಮಾವ ಅಮ್ಮನ ಲ್ಯಾಪ್‌ಟಾಪಿನ ಮುಂದೆ ಕುರ್ಚಿ ಎಳೆದುಕೊಂಡ.

"ಬೇಕು ಮಾವ. ಅವರು ಕೊಟ್ಟಿರೋ ಗಡುವು ಇವತ್ತು ಸಂಜೆ ಆರಕ್ಕೆ ಮುಗಿಯುತ್ತೆ," ಎಂದಳು ಮಗಳು, ಮುದ್ರಿಸಿದ ಹಾಳೆಗಳನ್ನು ಅವನ ಕೈಗಿಡುತ್ತ. "ಏನೂ ಗೊತ್ತಿಲ್ಲದೋರು ಇದನ್ನ ಓದ್ಕೊಂಡು, ಯಾರನ್ನೂ ಕೇಳದೆ ಮಾಡಿ ತೋರಿಸಿದ್ರೆ ಮಾತ್ರ ಅಮ್ಮ ಬರೆದಿದ್ದನ್ನ ತಗೋತಾರಂತೆ."

"ಹಾಗಾದ್ರೆ ನಾನೇ ಸರಿ. ನನ್ನಷ್ಟು ಗೊತ್ತಿಲ್ಲದೋನು ಈ ಮನೇಲಿ ಇನ್ನೊಬ್ಬ ಇಲ್ಲ."

ಮಾವ ಬಡಗಿ. ನಡುಮನೆಯಲ್ಲಿ ಕುಳಿತಿದ್ದ ನೆಂಟರು ಅಷ್ಟು ದುಃಖದಲ್ಲೂ ನಕ್ಕರು.

*

ಅಮ್ಮ ಚಿತ್ರಕಲೆಯ ಟೀಚರ್. ನಿವೃತ್ತಿಯಾದ ಮೇಲೆ ಕಂಪ್ಯೂಟರಿನಿಂದ ಚಿತ್ರ ಬರೆಸುವ ಹುಚ್ಚು ಹತ್ತಿತು. ಅದಕ್ಕೊಂದು ಗ್ರಾಫಿಕ್ಸ್ ಲೈಬ್ರರಿ, ಎಂದರೆ ಚಿತ್ರ ಬರೆಸಲು ಯಾರೋ ಮೊದಲೇ ಬರೆದಿಟ್ಟ ಪ್ರೋಗ್ರಾಮುಗಳ ಕಟ್ಟು, ಇತ್ತು. ಎಲ್ಲರಿಗೂ ಪುಕ್ಕಟೆ, ಯಾರು ಬೇಕಾದರೂ ತಿದ್ದಬಹುದು. ಅದನ್ನು ಅಳವಡಿಸಿಕೊಳ್ಳುವುದು ಹೇಗೆಂದು ಹೇಳುವ ಪುಟ ಮಾತ್ರ ಕಬ್ಬಿಣದ ಕಡಲೆ. ಹನ್ನೊಂದು ದಿನ ತಲೆ ಚಚ್ಚಿಕೊಂಡ ಅಮ್ಮ, "ಬುದ್ಧಿವಂತರು ಬುದ್ಧಿವಂತರಿಗೇ ಬರ್ಕೊಂಡಿದಾರೆ!" ಎಂದು ಬೈದು, ತಾನೇ ಬರೆಯಲು ಕುಳಿತಳು.

ಬರೆದದ್ದನ್ನು ಪರೀಕ್ಷಿಸಲು ಮನೆಗೆ ಬಂದವರನ್ನೆಲ್ಲ ಹಿಡಿದು ಕೂರಿಸುವಳು. ತಾನು ತುಟಿ ಪಿಟಕ್ಕೆನ್ನದೆ ಹಿಂದೆ ನಿಲ್ಲುವಳು. ಅವರು ಎಡವಿದರೆ ತಪ್ಪು ಅವರದಲ್ಲ, ಆ ಸಾಲಿನದು. ಲೈಬ್ರರಿಯ ಉಸ್ತುವಾರಿಯವರು "ತೀರಾ ಬಾಲಬೋಧೆಯಾಯಿತು" ಎಂದು ಎರಡು ಸಲ ತಿರಸ್ಕರಿಸಿ, ಮೂರನೆಯ ಸಲ ಈ ಪಂಥ ಒಡ್ಡಿದರು. ಅಷ್ಟರಲ್ಲಿ ಅಮ್ಮ ಕಣ್ಣು ಮುಚ್ಚಿದಳು.

*

ಏಳನೆಯ ಹಂತದಲ್ಲಿ ಪರದೆ ಕಪ್ಪಾಗಿ ನಿಂತುಬಿಟ್ಟಿತು.

"ಅಯ್ಯೋ, ಕೆಡಿಸಿಬಿಟ್ನಲ್ಲೇ!" ಮಾವ ಬೆವೆತುಹೋದ.

ಹಳೆಯ ಪುಟ ಹಿಡಿದವರೆಲ್ಲ ಸೋತು ಎದ್ದುಹೋಗುತ್ತಿದ್ದುದು ಇಲ್ಲಿಯೇ. ನಾಲಿಗೆಯ ತುದಿಗೆ ಬಂದ ಉತ್ತರವನ್ನು ಮಗಳು ನುಂಗಿಕೊಂಡಳು. ಅಮ್ಮನ ನಾಲ್ಕು ವರ್ಷದ ಶ್ರಮ ನೀರುಪಾಲಾಗುತ್ತದೆಯೋ ಎಂದು ಗೋಡೆಯ ಗಡಿಯಾರ ನೋಡಿದಳು.

ಮಾವ ಮುಂದಿನ ಸಾಲಿಗೆ ಬೆರಳಿಟ್ಟು ಗಟ್ಟಿಯಾಗಿ ಓದಿದ: "ಈಗ ಪರದೆ ಕಪ್ಪಾಗಿದೆ ಅಲ್ಲವೇ? ಹೆದರಬೇಡಿ, ನೀವೇನೂ ಕೆಡಿಸಿಲ್ಲ. ಐದು ನಿಮಿಷ ಹಿಡಿಯುತ್ತದೆ. ಏನನ್ನೂ ಒತ್ತದೆ, ಎದ್ದು ಹೋಗಿ ನೀರು ಕುಡಿದು ಬನ್ನಿ."

ಅವನು ಹಾಳೆಯಿಂದ ತಲೆಯೆತ್ತಿದ. "ಥೇಟ್ ಅಕ್ಕನೇ ಎದುರು ಕೂತು ಗದರಿಸ್ದಂಗಿದೆ."

ಮಾವ ಅಕ್ಕನ ಮಾತು ಮೀರಲಿಲ್ಲ. ನೀರು ಕುಡಿದು ಬಂದು, ಎಂಟು, ಒಂಬತ್ತು ಮುಗಿಸಿ, ಹತ್ತನೆಯ ಹಂತದ ಗುಂಡಿ ಒತ್ತಿದ. ಹಾಳೆಯ ಕೊನೆಯಲ್ಲಿ ಅಮ್ಮ ಹೇಳಿದ್ದಂತೆಯೇ, ಕಪ್ಪಿನ ನಡುವೆ ಕೆಂಪು, ಹಸಿರು, ನೀಲಿ ಬೆರೆತ ತ್ರಿಕೋನವೊಂದು ಝಗ್ಗನೆ ಮೂಡಿತು. ಮಗಳು ಕುಣಿದೇಬಿಟ್ಟಳು. ಐದೂವರೆಗೆ ಪರದೆಯ ಫೋಟೋ ಸಮೇತ ಉಸ್ತುವಾರಿಯವರಿಗೆ ಸುದ್ದಿ ಕಳಿಸಿದಳು. ಹತ್ತೇ ನಿಮಿಷದಲ್ಲಿ ಉತ್ತರ ಬಂತು. ಪುಟ ಲೈಬ್ರರಿಗೆ ಸೇರಿತ್ತು, ಅಮ್ಮನ ಹೆಸರಿನಲ್ಲಿ.

"ಇಷ್ಟು ಒದ್ದಾಡಿದ್ದು ಒಂದು ತ್ರಿಕೋನಕ್ಕಾ?" ಎಂದರು ಯಾರೋ ನೆಂಟರು.

"ಒಂದು ತ್ರಿಕೋನ ಅಂದ್ರೆ? ನಾನು ಬರ್ಸಿದ್ದು ಕಣ್ರೀ ಇದನ್ನ, ನಾನು!"

ಮಾವ ಲ್ಯಾಪ್‌ಟಾಪನ್ನು ಆಗ ತಾನೇ ಹುಟ್ಟಿದ ಕೂಸಿನಂತೆ ಎರಡು ಕೈಗಳಲ್ಲೂ ಎತ್ತಿಕೊಂಡು, ನಡುಮನೆಯ ಸಾಲು ಕುರ್ಚಿಗಳ ನಡುವೆ ಒಬ್ಬೊಬ್ಬರ ಮುಂದೆಯೂ ಬಗ್ಗಿ ತೋರಿಸುತ್ತ ಹೊರಟ.