ನಗುವಿನ ಅಳತೆ

ಗ್ರಂಥಾಲಯದ ಕೌಂಟರಿನಲ್ಲಿ ಕೂರುವ ಹೆಂಡತಿ ಅಲ್ಲಿನ ಒದ್ದೆ ಮೆಟ್ಟಿಲ ಮೇಲೆ ಜಾರಿ ಬಿದ್ದು ಮೇಲಿನ ಎರಡು ಮುಂಬಲ್ಲುಗಳನ್ನು ಹಾಳುಮಾಡಿಕೊಂಡಾಗ ದರ್ಜಿಗೆ ಮೂರು ದಿನ ಬರೀ ಮರುಕವಿತ್ತು. ನಾಲ್ಕನೆಯ ದಿನ ಹಲ್ಲಿನ ಡಾಕ್ಟರು ಅವಳ ಮೇಲ್ದುಟಿಯನ್ನು ಎರಡು ಬೆರಳಲ್ಲಿ ಎತ್ತಿ, "ವಸಡು ಎಷ್ಟು ಚೆನ್ನಾಗಿ ಇಟ್ಕೊಂಡಿದ್ದೀರಿ ಅಕ್ಕ" ಅಂದರು. ಮರುಕದ ಜಾಗದಲ್ಲಿ ಬೇರೇನೋ ಬಂದು ಕೂತಿತು. ಮದುವೆಯಾದ ಇಪ್ಪತ್ತೆರಡು ವರ್ಷಗಳಲ್ಲಿ ದರ್ಜಿ ಆ ವಸಡನ್ನು ಒಮ್ಮೆಯೂ ಹೊಗಳಿರಲಿಲ್ಲ. ಅದು ಹೊಗಳುವ ವಸ್ತುವೆಂದೇ ಅವನಿಗೆ ತಿಳಿದಿರಲಿಲ್ಲ.

"ಒಂದು ಹಲ್ಲು ಬೇರಲ್ಲೇ ಸೀಳಿದೆ, ಇನ್ನೊಂದು ವಸಡಿನ ಮಟ್ಟಕ್ಕೆ ಮುರಿದಿದೆ," ಎಂದರು ಡಾಕ್ಟರು. "ಎರಡನ್ನೂ ತೆಗೆದು, ದವಡೆ ಮೂಳೆಗೆ ಸ್ಕ್ರೂ ಕೂರಿಸಿ, ಅದರ ಮೇಲೆ ಹಲ್ಲು ಕಟ್ಟಬೇಕು. ಸ್ಕ್ಯಾನಲ್ಲಿ ನೋಡಿದ್ರೆ ಮುಂದಿನ ಮೂಳೆ ತೆಳು. ಅವಸರ ಬೇಡ. ಮೊದಲು ಪ್ಲಾನ್ ಆಗ್ಲಿ."

ಈ ಮಾತು ದರ್ಜಿಗೆ ಹಿಡಿಸಿತು. ಎರಡು ಸಲ ಅಳೆಯದೆ ಕತ್ತರಿ ಮುಟ್ಟುವವರನ್ನು ಕಂಡರೆ ಅವನಿಗೂ ಆಗದು.

"ಎರಡು ಬೇಕು ನನಗೆ," ಎಂದು ಡಾಕ್ಟರು ಮುಂದುವರಿಸಿದರು. " ಬೀಳೋಕೆ ಮುಂಚೆ ಹಲ್ಲು ಕಾಣೋ ಹಾಗೆ ನಕ್ಕಿರೋ ಫೋಟೋ ಒಂದು. ಮತ್ತೆ ಇಲ್ಲಿ ಕೂತು ಒಂದ್ಸಲ ಮನಸಾರೆ ನಗಬೇಕು. ತುಟಿ ಎಷ್ಟು ಮೇಲೆ ಹೋಗುತ್ತೆ, ವಸಡು ಎಷ್ಟು ಕಾಣುತ್ತೆ ಅಂತ ಗೊತ್ತಾದ್ರೇನೇ ಸ್ಕ್ರೂ ಎಷ್ಟು ಆಳ, ಹಲ್ಲು ಎಷ್ಟುದ್ದ ಅಂತ ಹೇಳಕ್ಕಾಗೋದು. ಲೆಕ್ಕ ತಪ್ಪಿದ್ರೆ ನಕ್ಕಾಗೆಲ್ಲ ಅಂಚು ಎದ್ದು ಕಾಣುತ್ತೆ. ಆಮೇಲೆ ಬಿಚ್ಚಿ ಹೊಲಿಯೋ ಹಾಗಿಲ್ಲ, ಅಲ್ವಾ ಅಣ್ಣ?"

ಹೆಂಡತಿ ಅಂಗೈಯಿಂದ ಬಾಯಿ ಮುಚ್ಚಿಕೊಂಡು, "ನಗು ಎಲ್ಲಿಂದ ತರ್ಲಿ ಈಗ?" ಅಂದಳು.

"ಶುಕ್ರವಾರ ತನ್ನಿ."

ಮನೆಗೆ ಬಂದವನೇ ದರ್ಜಿ ಹಳೆಯ ಫೋಟೋಗಳನ್ನೆಲ್ಲ ಕತ್ತರಿಸುವ ಮೇಜಿನ ಮೇಲೆ ಹರಡಿದ. ಎಲ್ಲದರಲ್ಲೂ ಅವಳು ಅವನ ಪಕ್ಕದಲ್ಲಿ, ಬಾಯಲ್ಲಿ ಗುಂಡುಸೂಜಿ ಕಚ್ಚಿಕೊಂಡವಳ ಹಾಗೆ ತುಟಿ ಬಿಗಿದು ಕೂತಿದ್ದಳು.

"ನೀನು ಯಾವತ್ತೂ ನಕ್ಕೇ ಇಲ್ವೇನೆ?"

"'ಗಂಭೀರವಾಗಿ ಬರ್ಲಿ' ಅಂತ ಫೋಟೋದವನಿಗೆ ಹೇಳ್ತಿದ್ದೋರು ಯಾರು?" ಎಂದು ಅವಳು ತನ್ನ ಮೊಬೈಲು ತೆಗೆದಳು. "ಇದೊಂದಿದೆ, ನೋಡಿ."

ಗ್ರಂಥಾಲಯದವರು ಊಟಕ್ಕೆ ಕೂರುವ ಕೋಣೆ. ಹೆಂಡತಿ ತಲೆ ಹಿಂದಕ್ಕೆ ಚೆಲ್ಲಿ, ಕಣ್ಣು ಮುಚ್ಚಿ, ಇದ್ದ ಹಲ್ಲೆಲ್ಲ ತೋರಿಸಿ ನಗುತ್ತಿದ್ದಾಳೆ. ಪಕ್ಕದಲ್ಲಿ ಪುಸ್ತಕಗಳಿಗೆ ರಟ್ಟು ಕಟ್ಟುವ ಬೈಂಡರು. ಸದಾ ಗೋಂದಿನ ವಾಸನೆ ಹೊಡೆಯುವ ಅವನನ್ನು ಅಲ್ಲಿ ಎಲ್ಲರೂ ಅಂಟಣ್ಣ ಎನ್ನುತ್ತಾರೆ. ಏನೋ ವಿವರಿಸುತ್ತಿದ್ದವನ ಹಾಗೆ ಅವನ ಒಂದು ಕೈ ಗಾಳಿಯಲ್ಲಿತ್ತು. ದರ್ಜಿ ಫೋಟೋ ಹಿಗ್ಗಿಸಿದ. ಅಂಟಣ್ಣನ ಅಂಗಿಯ ಕಾಲರು ಒಂದು ಕಡೆ ಕಾಲಿಂಚು ಇಳಿದಿತ್ತು. ಅಷ್ಟರಮಟ್ಟಿಗೆ ಸಮಾಧಾನವಾಯಿತು.

"ಏನು ಹೇಳಿದ ಅವನು?"

"ಯಾರು?"

"ಅದೇ, ಅಂಟು."

"ನೆನಪಿಲ್ಲ ರೀ," ಎಂದು ಅವಳು ಲೋಟ ಒರೆಸತೊಡಗಿದಳು. ಒರೆಸಿದ ಲೋಟವನ್ನೇ ಮತ್ತೆ ಒರೆಸಿದಳು. ಸುಳ್ಳು ಹೇಳುವಾಗ ಅವಳ ಕೈಗೆ ಬಟ್ಟೆ ಬೇಕು.

ಎರಡು ದಿನ ದರ್ಜಿಯ ಹೊಟ್ಟೆಯುರಿ ಮಿಷನ್ನಿನ ಜೊತೆ ಓಡಿತು. ಒಂದು ಷರಟಿಗೆ ಬಲಗಡೆ ಜೇಬು ಹೊಲಿದ, ಇನ್ನೊಂದಕ್ಕೆ ಜೇಬನ್ನೇ ಮರೆತ. ತನ್ನ ಮನೆಯಲ್ಲಿ ಉಪವಾಸವಿದ್ದ ನಗು ಹೊರಗಡೆ ಹೊಟ್ಟೆತುಂಬ ಉಂಡು ಬರುತ್ತಿತ್ತೆಂದರೆ ಯಾರ ಹೊಲಿಗೆ ತಪ್ಪದು? ಗುರುವಾರ, ಹೆಂಡತಿ ಮನೆಯಲ್ಲಿ ಮಲಗಿದ್ದಾಗ, ಬೆನ್ನು ಕಿತ್ತುಹೋದ ತನ್ನ ಅಳತೆ ಪುಸ್ತಕವನ್ನು ಕಂಕುಳಲ್ಲಿಟ್ಟುಕೊಂಡು ಗ್ರಂಥಾಲಯದ ಹಿಂಬದಿಯ ಕೋಣೆಗೆ ಹೋದ. ಊರಿಗೆಲ್ಲ ಹೊಲಿದುಕೊಡುವವನು ಹೊಲಿಗೆ ಹಾಕಿಸಲು ಇನ್ನೊಬ್ಬನ ಬಾಗಿಲಿಗೆ ಹೋಗಿದ್ದು ಅದೇ ಮೊದಲು.

"ಬನ್ನಿ ಭಾವ, ಅಕ್ಕ ಹೇಗಿದ್ದಾರೆ?" ಎಂದ ಅಂಟಣ್ಣ.

ಈ ಭಾವ, ಅಕ್ಕ ಎಲ್ಲ ಮೇಲೆ ಹಾಕಿದ ರಟ್ಟಿರಬಹುದು ಎಂದುಕೊಂಡ ದರ್ಜಿ, ಪುಸ್ತಕ ಮುಂದಿಟ್ಟು ನೇರವಾಗಿ ಕೇಳಿದ: "ಊಟದ ಕೋಣೇಲಿ ತೆಗೆದ ಫೋಟೋದಲ್ಲಿ ನೀನು ಅವಳಿಗೆ ಏನು ಹೇಳ್ತಿದ್ದೆ?"

"ನಾನಾ? ಹೇಳ್ತಿದ್ದೋರು ಅಕ್ಕ. ಹೇಳ್ತಾ ಹೇಳ್ತಾ ಅವರಿಗೇ ತಡೀಲಿಲ್ಲ. ನಾನು 'ಸಾಕು ನಿಲ್ಸಿ, ಅನ್ನ ನೆತ್ತಿಗೇರ್ತದೆ' ಅಂತ ಕೈ ಎತ್ತಿದ್ದೆ."

"ಏನಂಥ ವಿಷಯ?"

ಅಂಟಣ್ಣ ಗೋಂದಿನ ಡಬ್ಬಿಯೊಳಗೆ ಇಣುಕಿದ. "ಅದೇ ಭಾವ... ಕೋಟು."

ದರ್ಜಿ ಅಲ್ಲಿದ್ದ ಪುಸ್ತಕದ ಕಟ್ಟಿನ ಮೇಲೆ ಕೂತುಬಿಟ್ಟ.

ಹದಿನಾಲ್ಕು ವರ್ಷದ ಹಿಂದಿನ ಮಾತು. ಒಬ್ಬ ಹೆಡ್‌ಮಾಸ್ಟರ ಕೋಟಿನ ಹಿಂಬದಿಯ ಅಂಚನ್ನು ಹೊಲಿಯುತ್ತ ದರ್ಜಿ ತನ್ನ ಅಂಗಿಯ ತುದಿಯನ್ನೂ ಸೇರಿಸಿ ಹೊಲಿದುಬಿಟ್ಟಿದ್ದ. ಎದ್ದು ನಿಂತರೆ ಕೋಟೂ ಎದ್ದಿತು. ಅಷ್ಟರಲ್ಲಿ ಹೆಡ್‌ಮಾಸ್ಟರು ಒಳಗೆ ಬಂದು ತೋಳು ಚಾಚಿದ್ದರು. ತಪ್ಪು ಒಪ್ಪಿಕೊಳ್ಳಲು ಬಾಯಿ ಬರಲಿಲ್ಲ. ಕೋಟು ತೊಡಿಸಿ, "ಬಟ್ಟೆ ಹೇಗೆ ಬೀಳುತ್ತೆ ನೋಡ್ತೀನಿ ಸಾರ್" ಎನ್ನುತ್ತ, ಎತ್ತಿನ ಹಿಂದೆ ಗಾಡಿಯ ಹಾಗೆ ಅವರ ಬೆನ್ನಿಗೇ ಕನ್ನಡಿಯವರೆಗೂ ನಡೆದಿದ್ದ. ಚಹಾ ತಂದ ಹೆಂಡತಿ ಅದನ್ನು ಕಂಡು, ಲೋಟ ಕೆಳಗಿಟ್ಟು ಒಳಗೆ ಹೋಗಿದ್ದಳು. ಯಾರಿಗೂ ಹೇಳಬಾರದೆಂದು ಅವನು ಆಣೆ ಹಾಕಿಸಿಕೊಂಡಿದ್ದ. ಅವನೆದುರು ಅವಳು ಆ ಬಗ್ಗೆ ತುಟಿಯಂಚಿನಲ್ಲೂ ನಕ್ಕಿರಲಿಲ್ಲ.

ಬರುವಾಗ ಅಂಟಣ್ಣನ ಮೇಲಿದ್ದ ಉರಿ ಈಗ ನಿಲ್ಲಲು ನೆಲೆಯಿಲ್ಲದೆ ಎಲ್ಲರ ಮೇಲೂ ಹರಡಿತು. ಅವಳ ನಗುವಿಗೆ ಕಾರಣ ತಾನು; ಕಣ್ತುಂಬ ಕಂಡವರು ಇಡೀ ಗ್ರಂಥಾಲಯ.

ಶುಕ್ರವಾರ ಅವಳು ಹಲ್ಲಿನ ಡಾಕ್ಟರ ಉದ್ದನೆಯ ಕುರ್ಚಿಯಲ್ಲಿ ಒರಗಿದಳು. ಫೋಟೋ ನೋಡಿ ಡಾಕ್ಟರು, "ಹಲ್ಲಿನ ಆಕಾರ ಸಿಕ್ತು. ತಲೆ ಹಿಂದಕ್ಕಿದೆ, ಅಳತೆಗೆ ಆಗಲ್ಲ. ನಗಿ ಅಕ್ಕ" ಎಂದು ಕ್ಯಾಮೆರಾ ಹಿಡಿದರು. ಅವರು ಹೇಳಿದ ಎರಡು ಜೋಕುಗಳಿಗೆ ಅವಳು ಅಂಗೈ ಅಡ್ಡ ಹಿಡಿದು ಮರ್ಯಾದೆಗೆಂದು ಹ್ಞೂಂ ಅಂದಳು.

"ನಿಮ್ಮನ್ನ ನಗಿಸೋರು ಯಾರಾದ್ರೂ ಇದ್ರೆ ಕರೆಸಿ. ಅಂದಾಜಲ್ಲಿ ನಾನು ಮೂಳೆಗೆ ಕೈ ಹಾಕಲ್ಲ."

"ಲೈಬ್ರರೀಲಿ ಒಬ್ರು..." ಎಂದು ಅವಳು ಶುರುಮಾಡಿದಳು.

ಕುರ್ಚಿಯ ತಲೆಯ ಕಡೆ ನಿಂತಿದ್ದ ದರ್ಜಿ ಗಂಟಲು ಸರಿಮಾಡಿಕೊಂಡ. "ಡಾಕ್ಟ್ರೇ, ಹದಿನಾಲ್ಕು ವರ್ಷದ ಹಿಂದೆ ನಾನೊಬ್ಬ ಹೆಡ್‌ಮಾಸ್ಟರಿಗೆ ಕೋಟು ಹೊಲಿದೆ."

ಕುರ್ಚಿ ಕಿರ್ ಎಂದಿತು. ಅವನು ನಿಲ್ಲಿಸಲಿಲ್ಲ. ಮಗ್ಗಿ ಒಪ್ಪಿಸುವವನ ಹಾಗೆ, ನಗದೆ, ಅಂಗಿಯ ತುದಿಯಿಂದ ಕನ್ನಡಿಯವರೆಗೆ ಎಲ್ಲ ಹೇಳಿದ. "ಇವಳು ಚಹಾ ಇಟ್ಟು ಒಳಗೆ ಹೋದ್ಲು. ಹೆಡ್‌ಮಾಸ್ಟರಿಗೆ ಕೋಟು ಒಪ್ಪಿಗೆಯಾಯ್ತು. 'ಬೆಳಕಲ್ಲಿ ನೋಡ್ತೀನಿ' ಅಂತ ಬೀದಿಗಿಳಿದ್ರು. ನಾನೂ ಇಳಿದೆ. ಮೂರು ಅಂಗಡಿ ದಾಟಿದ್ವಿ. ಸಿಕ್ಕೋರಿಗೆಲ್ಲ ಅವರು ನಮಸ್ಕಾರ ಮಾಡ್ತಿದ್ರು. ಅವರು ಬಗ್ಗಿದಾಗೆಲ್ಲ ನಾನೂ ಬಗ್ಗಬೇಕು."

ಅವಳ ಕೈ ಬಾಯಿಂದ ಜಾರಿತು. ಕ್ಯಾಮೆರಾ ನಾಲ್ಕೈದು ಸಲ ಸದ್ದು ಮಾಡಿತು.

"ಮೂರು ಮಿಲಿಮೀಟರ್ ವಸಡು ಕಾಣುತ್ತೆ," ಎಂದರು ಡಾಕ್ಟರು, ಕಣ್ಣು ಒರೆಸಿಕೊಳ್ಳುತ್ತ. "ನೋಡಿದ್ದು ಒಳ್ಳೇದಾಯ್ತು. ಇಲ್ಲದಿದ್ರೆ ಪ್ಲಾನೇ ತಪ್ಪಿರೋದು."

ದರ್ಜಿ ನಿಂತಲ್ಲಿಂದ ಅವಳ ಹಣೆ ಮತ್ತು ಕುಣಿಯುವ ಕಾಲ್ಬೆರಳುಗಳಷ್ಟೇ ಕಂಡಿದ್ದವು. ಅವಸರದಿಂದ ಸುತ್ತಿ ಮುಂದೆ ಬರುವಷ್ಟರಲ್ಲಿ ಅಂಗೈ ಮತ್ತೆ ಬಾಯಿಗೆ ಹೋಗಿತ್ತು.

"ನಾನು ನೋಡ್ಲೇ ಇಲ್ಲ," ಎಂದ.

"ಇಲ್ಲಿದೆಯಲ್ಲ ಅಣ್ಣ," ಎಂದು ಡಾಕ್ಟರು ಪರದೆ ತಿರುಗಿಸಿದರು. ಅವನು ಆ ಕಡೆ ನೋಡಲಿಲ್ಲ.

"ಬೀದಿಗಿಳಿದದ್ದು ನನಗೆ ಹೇಳೇ ಇರ್ಲಿಲ್ಲ ನೀವು," ಎಂದಳು ಅವಳು, ಅಂಗೈಯ ಹಿಂದಿನಿಂದ.

"ಲೈಬ್ರರಿಗೆ ಸುದ್ದಿ ಕಮ್ಮಿಯಾಯ್ತಾ?"

ಅವಳು ಅವನತ್ತ ತಿರುಗಿದಳು. "ಆಮೇಲೆ ಏನಾಯ್ತು?"

ದರ್ಜಿ ಡಾಕ್ಟರ ಕಡೆ ನೋಡಿದ. ಅವರೂ ಕ್ಯಾಮೆರಾ ಇಳಿಸಿ ಕಾಯುತ್ತಿದ್ದರು.

"ಅದನ್ನ ಮನೇಲಿ ಹೇಳ್ತೀನಿ, ಏಳು," ಎಂದು ಅವಳ ಚಪ್ಪಲಿಗಳನ್ನು ಮುಂದಕ್ಕೆ ಸರಿಸಿದ.